ನಾನು ಹುಟ್ಟಿಸಿದ ಚಕ್ರವರ್ತಿ

ನಮ್ಮೂರಲ್ಲಿ ದಿನಕ್ಕೊಬ್ಬರು ಚಕ್ರವರ್ತಿ. ಸೂರ್ಯ ಹುಟ್ಟಿದಾಗ ಊರ ಕಟ್ಟೆ ಮೇಲೆ ಕೂತರೆ ಮಾರನೇ ದಿನ ಸೂರ್ಯ ಹುಟ್ಟೋ ಹೊತ್ತಿಗೆ ಎದ್ದು ಹೋಗಬೇಕು. ಯಾಕೆ ಹಿಂಗೆ, ಯಾರು ಶುರು ಮಾಡಿದ್ರು ಅಂತ ನನ್ನ ಕೇಳಬೇಡಿ. ನಿಮ್ಮೂರಲ್ಲಿ ಭಾನುವಾರ ಯಾಕೆ ರಜ ಅಂತ ನಾನು ಕೇಳಿದ್ನಾ? ಕೇರಿ ಪ್ರಕಾರ ಸರತಿ ಬರ್ತದೆ, ಒಬ್ಬರಿಗೆ ಜನ್ಮಕ್ಕೆ ಒಂದೇ ಸಲ. ಚಕ್ರವರ್ತಿ ಆದವರು ಒಂದೇ ಒಂದು ಆಜ್ಞೆ ಹೊರಡಿಸಬಹುದು. ಅದನ್ನ ದಫ್ತರದ ದೊಡ್ಡ ಪುಸ್ತಕದಲ್ಲಿ ಬರೀತಾರೆ, ದಿನಕ್ಕೊಂದು ಹಾಳೆ. ಬರೆದ ಮೇಲೆ ಮುಗೀತು, ಸೂರ್ಯಚಂದ್ರರು ಇರೋ ತನಕ ಆ ಆಜ್ಞೆ ಇರ್ತದೆ. ಅದನ್ನ ಅಳಿಸೋ ಅಧಿಕಾರ ಮುಂದೆ ಬರೋ ಯಾವ ಚಕ್ರವರ್ತಿಗೂ ಇಲ್ಲ.

ಹಂಗಾಗಿ ನಮ್ಮೂರಲ್ಲಿ ಬದುಕೋದು ಸ್ವಲ್ಪ ನೆನಪಿನ ಕೆಲಸ. ಶನಿವಾರ ಯಾರೂ ಹಾಗಲಕಾಯಿ ಪಲ್ಯ ಮಾಡೋ ಹಾಗಿಲ್ಲ, ಅದು ಒಂಬತ್ತು ವರ್ಷಕ್ಕೇ ಪಟ್ಟಕ್ಕೆ ಬಂದ ಚಕ್ರವರ್ತಿ ತಮ್ಮಯ್ಯನ ಆಜ್ಞೆ. ಬೀದಿಗೆ ಅಡ್ಡ ಕಟ್ಟಿದ ಹಗ್ಗದಲ್ಲಿ ಬಟ್ಟೆ ಒಣಗ್ತಿದ್ರೆ ಮನುಷ್ಯರೇ ಬಗ್ಗಿ ಹೋಗಬೇಕು, ಬಟ್ಟೆ ಸರಿಸೋ ಹಾಗಿಲ್ಲ. ಇದು ಚಕ್ರವರ್ತಿನಿ ಮುನಿಯಮ್ಮನದು, ಅವರ ಮನೆಯಲ್ಲಿ ಹನ್ನೊಂದು ಮಕ್ಕಳು. ಕ್ಷೌರದ ಅಂಗಡಿಯಲ್ಲಿ ಮುಖಕ್ಕೆ ಸೋಪು ಹಚ್ಚಿಸ್ಕೊಂಡೋರು ಊರ ವಿಚಾರಕ್ಕೆ ಅಭಿಪ್ರಾಯ ಹೇಳಬಾರದು, ಕ್ಷೌರಿಕ ಮಾತ್ರ ಹೇಳಬಹುದು. ಇದನ್ನ ಹೊರಡಿಸಿದ್ದು ಯಾರು ಅಂತ ನಾನು ಹೇಳೋದು ಬೇಡ. ಇನ್ನು ಸಾಮ್ರಾಜ್ಯ ವಿಸ್ತರಣೆ ಅಂದ್ರೆ ಚಕ್ರವರ್ತಿ ಅಂಕಣ್ಣ. ನಲವತ್ತು ಜನ, ಒಂದು ಬ್ಯಾಂಡ್‌ಸೆಟ್ಟು ಕಟ್ಕೊಂಡು ಪಕ್ಕದೂರಿನ ಮೇಲೆ ದಂಡೆತ್ತಿ ಹೋದ. ಅಲ್ಲಿ ಮುಟ್ಟಿದಾಗ ಮಧ್ಯಾಹ್ನ. ಎಲ್ಲರಿಗೂ ಹಸಿವು. ಅಲ್ಲೇ ಹೋಟ್ಲಲ್ಲಿ ಉಂಡು, ಬೆಳಗಾಗೋಕೆ ಮುಂಚೆ ಊರು ಸೇರಬೇಕಲ್ಲ ಅಂತ ಸಾಯಂಕಾಲದ ಬಸ್ಸಿಗೆ ವಾಪಸ್ ಬಂದ. ಆ ಊರು ಇವತ್ತಿಗೂ ನಮ್ಮ ಸಾಮ್ರಾಜ್ಯದ ಭಾಗ. ಅವರಿಗೆ ಈ ವಿಷಯ ಗೊತ್ತಿಲ್ಲ ಅಷ್ಟೆ.

ಇದನ್ನೆಲ್ಲ ಮಕ್ಕಳಿಗೆ ಕಲಿಸೋದು ನನ್ನ ಕೆಲಸ. ನನ್ನ ಹೆಸರು ಹಾಲಪ್ಪ, ಏಳನೇ ಕ್ಲಾಸಿಗೆ ಚರಿತ್ರೆ ಮೇಷ್ಟ್ರು, ಮೂವತ್ತು ವರ್ಷ ಸರ್ವೀಸು. ಬೇರೆ ಊರುಗಳಲ್ಲಿ ಚರಿತ್ರೆ ಮೇಷ್ಟ್ರನ್ನ ಕಂಡರೆ ಜನ ಆಕಳಿಸ್ತಾರಂತೆ. ಇಲ್ಲಿ ಹಂಗಲ್ಲ. "ಮೇಷ್ಟ್ರೇ, ಇವತ್ತು ಮಗೂಗೆ ಕೂದಲು ತೆಗೆಸಬಹುದಾ? ಮೇಷ್ಟ್ರೇ, ಈ ಅಮಾವಾಸ್ಯೆಗೆ ಬಾಗಿಲು ಬದಲಾಯಿಸಿದ್ರೆ ಯಾರದ್ದಾದ್ರೂ ಆಜ್ಞೆ ಅಡ್ಡ ಬರ್ತದಾ?" ಅಂತ ರಸ್ತೆಯಲ್ಲೇ ನಿಲ್ಲಿಸಿ ಕೇಳ್ತಾರೆ. ಪರೀಕ್ಷೆಯಲ್ಲೂ ನಾನು ಉದಾರಿ. 'ಇಂಥ ಚಕ್ರವರ್ತಿಯ ಆಳ್ವಿಕೆ ಕೊನೆಗೊಳ್ಳಲು ಕಾರಣಗಳೇನು?' ಅನ್ನೋ ಪ್ರಶ್ನೆ ಪ್ರತಿ ವರ್ಷ ಕೊಡ್ತೀನಿ. ಬೆಳಗಾಯಿತು ಅಂತ ಬರೆದವರಿಗೆಲ್ಲ ಪೂರ್ತಿ ಅಂಕ.

ಈಗ ನನ್ನ ತಪ್ಪಿನ ವಿಚಾರಕ್ಕೆ ಬರ್ತೀನಿ. ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬ ಇನ್‌ಸ್ಪೆಕ್ಟರು ಶಾಲೆ ನೋಡೋಕೆ ಬಂದ್ರು. ಕಿವಿ ತನಕ ಮೀಸೆ. ಮಕ್ಕಳ ಎದುರಿಗೆ ನನ್ನನ್ನೇ ಕೇಳಿದ್ರು, "ನಾನು ಹುಟ್ಟಿದ ದಿನ ಇಲ್ಲಿ ಚಕ್ರವರ್ತಿ ಯಾರಿದ್ರು, ಹೇಳಿ ನೋಡೋಣ." ದಿನ ಹೇಳಿದ್ರು, ಇಂಥ ವರ್ಷದ ಮಾಘ ಮಾಸದ ಒಂದು ಗುರುವಾರ. ನನಗೆ ಸಾವಿರಾರು ಚಕ್ರವರ್ತಿಗಳು ಬಾಯಿಪಾಠ. ಬುಧವಾರ ಗಾಣದ ಪರ್ವತಯ್ಯ ಇದ್ದ. ಶುಕ್ರವಾರ ಹೂವಿನ ಲಿಂಗಮ್ಮ ಇದ್ಲು. ಗುರುವಾರಕ್ಕೆ ನನ್ನ ತಲೆಯಲ್ಲಿ ಯಾರೂ ಇರಲಿಲ್ಲ. ತಲೆ ಕೆರೆದೆ, ಬರಲಿಲ್ಲ. ಗೊತ್ತಿಲ್ಲ ಸಾರ್ ಅನ್ನಬಹುದಿತ್ತು. ಆದರೆ ಮೇಷ್ಟ್ರ ನಾಲಿಗೆ ಎಲ್ಲದಕ್ಕೂ ಹೊರಳ್ತದೆ, ಅದೊಂದಕ್ಕೆ ಹೊರಳಲ್ಲ. ಇನ್‌ಸ್ಪೆಕ್ಟರ ಮೀಸೆ ನೋಡಿದೆ. ಕಿಟಕಿ ಆಚೆ ಒಂದು ಎಮ್ಮೆ ನಿಂತು ನನ್ನನ್ನೇ ನೋಡ್ತಿತ್ತು. "ಚಕ್ರವರ್ತಿ ದೊಡ್ಡಮೀಸೆ ರುದ್ರಯ್ಯ, ಸಾರ್," ಅಂದೆ. "ರಸ್ತೆಯಲ್ಲಿ ಎಮ್ಮೆ ಎದುರಾದರೆ ನಿಂತು ನಮಸ್ಕಾರ ಹೇಳಿ ಮುಂದೆ ಹೋಗತಕ್ಕದ್ದು ಅಂತ ಅವರ ಆಜ್ಞೆ." ಇನ್‌ಸ್ಪೆಕ್ಟರು ಮೀಸೆ ಸವರ್ಕೊಂಡು ಭೇಷ್ ಅಂದ್ರು.

ಅದು ಅಲ್ಲಿಗೇ ಮುಗೀತು ಅಂದ್ಕೊಂಡೆ. ಆದರೆ ಕ್ಲಾಸಲ್ಲಿ ನಲವತ್ತು ಮಕ್ಕಳಿದ್ರಲ್ಲ, ನಲವತ್ತು ಮನೆಗೆ ಸುದ್ದಿ ಹೋಯ್ತು. ಸಾಯಂಕಾಲ ನಾನು ಮನೆಗೆ ಹೋಗೋವಾಗ ಪೋಸ್ಟ್‌ಮಾಸ್ಟರು ಸೈಕಲ್ಲಿಂದ ಇಳಿದು ಎಮ್ಮೆಗೆ ಕೈ ಮುಗೀತಿದ್ರು. "ಇಷ್ಟು ದಿನ ಗೊತ್ತೇ ಇರಲಿಲ್ಲ ನೋಡಿ ಮೇಷ್ಟ್ರೇ, ಎಂಥ ತಪ್ಪು ಮಾಡ್ತಿದ್ವಿ!" ಅಂತ ನನ್ನ ಹತ್ರವೇ ಪಶ್ಚಾತ್ತಾಪ ಪಟ್ರು. ಪುಸ್ತಕ ತೆಗೆದು ನೋಡೋಣ ಅಂತ ಯಾರಿಗೂ ಅನ್ನಿಸಲಿಲ್ಲ. ಮೇಷ್ಟ್ರು ಇರೋವಾಗ ಪುಸ್ತಕ ಯಾಕೆ? ಐದು ವರ್ಷ ಕಳೆಯೋದ್ರೊಳಗೆ ನಮ್ಮೂರ ಎಮ್ಮೆಗಳು ನಮಸ್ಕಾರ ಹೇಳದೆ ದಾರಿ ಬಿಡೋದನ್ನೇ ನಿಲ್ಲಿಸಿದ್ವು. ಆಮೇಲೆ ರೈಸ್‌ಮಿಲ್ ಮರಿಯಪ್ಪನವರು ಬಂದ್ರು. ನಮ್ಮ ಶಾಲಾ ಕಮಿಟಿ ಅಧ್ಯಕ್ಷರು. "ಹಾಲಪ್ಪನೋರೆ, ದೊಡ್ಡಮೀಸೆ ರುದ್ರಯ್ಯ ಅಂದ್ರೆ ನಮ್ಮ ತಾತನೇ ಕಣ್ರೀ. ಮನೇಲಿ ಕರೀತಿದ್ದ ಹೆಸರು ಬೇರೆ ಅಷ್ಟೆ. ಮೀಸೆ ನೋಡಿದ್ರೆ ಗೊತ್ತಾಗಲ್ವಾ?" ಅಂತ ತಮ್ಮ ಮೀಸೆ ತೋರಿಸಿದ್ರು. ಮಾರ್ಕೆಟ್ ಚೌಕದಲ್ಲಿ ರುದ್ರಯ್ಯನ ಸಿಮೆಂಟ್ ಪ್ರತಿಮೆ ಎದ್ದಿತು, ಪಕ್ಕದಲ್ಲಿ ಸಿಮೆಂಟ್ ಎಮ್ಮೆ. ಉದ್ಘಾಟನಾ ಭಾಷಣ ನನ್ನದೇ. ಮುಕ್ಕಾಲು ಗಂಟೆ ಮಾತಾಡಿದೆ, ಜನ ಕಣ್ಣೀರು ಹಾಕಿದ್ರು. ಸುಳ್ಳು ಹೇಳೋನಿಗೆ ಎರಡೇ ಕಷ್ಟ. ಒಂದು, ಜನ ನಂಬದೆ ಇರೋದು. ಎರಡು, ಜನ ನಂಬೋದು.

ಇಷ್ಟು ವರ್ಷ ಚೆನ್ನಾಗೇ ನಡೀತು, ಈ ವರ್ಷ ಚೌಡಿ ಏಳನೇ ಕ್ಲಾಸಿಗೆ ಬರೋ ತನಕ. ಚೌಡಿ ಸುಣ್ಣದಕೇರಿ ಹುಡುಗಿ. ಸುಣ್ಣದಕೇರಿ ಊರಾಚೆ, ಗಾಳಿ ಹೊಗೆಯನ್ನ ನಮ್ಮ ಕಡೆ ತರದೆ ಅತ್ತ ಒಯ್ಯೋ ಜಾಗದಲ್ಲಿದೆ. ಅವರು ಗೂಡಲ್ಲಿ ಸುಣ್ಣ ಸುಡೋರು. ಊರ ಗೋಡೆಗೆಲ್ಲ ಅವರ ಸುಣ್ಣ. ಎಲೆಅಡಿಕೆಗೂ ಅವರದೇ ಸುಣ್ಣ. ಆದರೆ ಅವರ ಮನೇಲಿ ಒಂದು ಲೋಟ ನೀರು ಕುಡಿದೋರು ಊರಲ್ಲಿ ಇಲ್ಲ. ಕುಡೀಬಾರದು ಅಂತ ಯಾವ ಚಕ್ರವರ್ತಿಯೂ ಆಜ್ಞೆ ಮಾಡಿಲ್ಲ, ಪುಸ್ತಕವೆಲ್ಲ ತಿರುವಿದರೂ ಸಿಗಲ್ಲ. ಬರೆದಿದ್ದಕ್ಕಿಂತ ಬರೆಯದೆ ಇರೋದನ್ನೇ ನಮ್ಮೂರಿನವರು ಹೆಚ್ಚು ನಿಷ್ಠೆಯಿಂದ ಪಾಲಿಸ್ತಾರೆ. ಸರತಿಯಲ್ಲೂ ಆ ಕೇರಿ ಇರಲಿಲ್ಲ. ಕಾರಣ ಏನು ಅಂದ್ರೆ, ಒಂದು ಕೇರಿಯಿಂದ ಹಿಂದೆ ಯಾರಾದರೂ ಕೂತಿದ್ದರೆ ಮುಂದಿನವರಿಗೆ ಸರತಿ ಬರ್ತದೆ. ಸುಣ್ಣದಕೇರಿಯಿಂದ ಯಾರೂ ಕೂತಿರಲಿಲ್ಲ. ಯಾರೂ ಕೂತಿರಲಿಲ್ಲವಾದ್ರಿಂದ ಯಾರೂ ಕೂರೋ ಹಾಗಿರಲಿಲ್ಲ.

ಒಂದು ದಿನ ಗಾಣದ ಪರ್ವತಯ್ಯನ ಪಾಠ ಮಾಡ್ತಿದ್ದೆ. ಪರ್ವತಯ್ಯ ಸ್ವಲ್ಪ ಸೋಮಾರಿ ಚಕ್ರವರ್ತಿ. ಅವನ ಆಜ್ಞೆ ಏನಪ್ಪಾ ಅಂದ್ರೆ, 'ಸರತಿ ಪಟ್ಟಿ ನೋಡಿ ನೋಡಿ ಸಾಕಾಗಿದೆ. ನಾಳೆ ಒಂದು ದಿನದ ಮಟ್ಟಿಗೆ ಕಟ್ಟೆಗೆ ಯಾರು ಮೊದಲು ಬರ್ತಾರೋ ಅವರೇ ಚಕ್ರವರ್ತಿ.' ಮೂವತ್ತು ವರ್ಷದಿಂದ ಹೇಳ್ಕೊಂಡು ಬಂದ ಪಾಠ. ಚೌಡಿ ಎದ್ದು ನಿಂತಳು. "ಸಾರ್, ಹಂಗಾದ್ರೆ ಮಾರನೇ ದಿನ ಮೊದಲು ಬಂದೋರು ಯಾರು?"

"ದೊಡ್ಡಮೀಸೆ ರುದ್ರಯ್ಯನವರು. ಪಾಠದ ಪುಸ್ತಕದಲ್ಲಿ ಪುಟ ನಲವತ್ತೊಂದು ನೋಡು."

"ಅಷ್ಟು ಬೆಳಗ್ಗೆ ಯಾಕೆ ಸಾರ್ ಬಂದ್ರು? ರೈಸ್‌ಮಿಲ್ ಮನೆಯೋರು ಎಂಟು ಗಂಟೆಗೆ ಮುಂಚೆ ಬಾಗಿಲೇ ತೆಗೆಯಲ್ಲ."

ಕ್ಲಾಸು ನಕ್ಕಿತು. ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಮನುಷ್ಯ ಬುದ್ಧಿ ಉಪಯೋಗಿಸೋದಿಲ್ಲ. "ಅಷ್ಟೊಂದು ಅನುಮಾನ ಇದ್ರೆ ದಫ್ತರಕ್ಕೆ ಹೋಗಿ ರುದ್ರಯ್ಯನವರ ಪುಟ ಕಾಪಿ ಮಾಡ್ಕೊಂಡು ಬಾ. ಮೂರು ಸಲ ಬರಿ!" ಅಂದುಬಿಟ್ಟೆ. ಆ ಪುಟವೇ ಇಲ್ಲ ಅನ್ನೋದು ಮನೆಗೆ ಹೋಗಿ ಕೈಕಾಲು ತೊಳೆಯೋವಾಗ ನೆನಪಾಯ್ತು. ಇಪ್ಪತ್ತೆರಡು ವರ್ಷ ಪಾಠ ಮಾಡಿ ಮಾಡಿ, ರುದ್ರಯ್ಯ ಇದ್ದ ಅಂತ ನಾನೇ ನಂಬಿಬಿಟ್ಟಿದ್ದೆ.

ಮಾರನೇ ದಿನ ಚೌಡಿ ಖಾಲಿ ನೋಟ್‌ಬುಕ್ ತಂದು ನನ್ನ ಮೇಜಿನ ಮೇಲಿಟ್ಟಳು. "ಸಾರ್, ಪುಸ್ತಕದಲ್ಲಿ ಬುಧವಾರ ಆದ್ಮೇಲೆ ಶುಕ್ರವಾರ ಇದೆ. ಇಲ್ಲದೆ ಇರೋದನ್ನ ಮೂರು ಸಲ ಹೆಂಗೆ ಬರೀಲಿ?" ನಾನು ಕೆಮ್ಮಿದೆ. ಅವಳು ಮೇಜಿನ ಮೇಲೆ ಬಗ್ಗಿದಳು. "ಬುಧವಾರದ ಹಾಳೆ ದಪ್ಪ ಇದೆ ಸಾರ್. ಎರಡು ಹಾಳೆ ಒಂದಕ್ಕೊಂದು ಅಂಟಿಸಿದ್ದಾರೆ. ದಫ್ತರದ ವಾಸಣ್ಣಂಗೆ ಹೇಳಿದ್ರೆ ಹಳೇ ಕಾಗದ ಹಂಗೇ ಇರ್ತದೆ ಹೋಗು ಅಂದ್ರು. ಮೂಲೆ ಹುಳ ತಿಂದಿದೆ. ಮೂಸಿ ನೋಡ್ದೆ. ಅಕ್ಕಿ ಗಂಜಿ ಸಾರ್ ಅದು. ಗೋಡೆಗೆ ಹಿಡೀಲಿ ಅಂತ ನಾವು ಸುಣ್ಣಕ್ಕೆ ಕಲಸೋದೂ ಅದೇ ಗಂಜಿ. ನಂಗೆ ಗೊತ್ತಾಗಲ್ವಾ?"

ನಾನೇ ಜೊತೆಗೆ ಹೋದೆ. ಹೋಗದೆ ಇದ್ರೆ ಅವಳೊಬ್ಬಳೇ ಹೋಗ್ತಿದ್ಲು, ಅದು ಇನ್ನೂ ಅಪಾಯ. ದಫ್ತರ ನೋಡ್ಕೊಳ್ಳೋ ವಾಸಣ್ಣ ಒಳ್ಳೆಯ ಮನುಷ್ಯ, ಅವನಪ್ಪ, ತಾತ ಎಲ್ಲರೂ ಅದೇ ಪುಸ್ತಕ ಬರೆದೋರು. ಒದ್ದೆ ಬಟ್ಟೆಯಲ್ಲಿ ಅಂಚು ಒತ್ತಿ ಒತ್ತಿ ಬಿಡಿಸಿದ್ವಿ. ಅರವತ್ತು ವರ್ಷದಲ್ಲಿ ಹುಳಗಳೇ ಅರ್ಧ ಕೆಲಸ ಮಾಡಿದ್ವು. ಗಂಜಿ ತಿಂದು ಅಕ್ಷರ ಬಿಟ್ಟಿದ್ವು. ಹಾಳೆ ಬಿಚ್ಚಿಕೊಂಡಿತು. ಚೌಡಿ ಬೆರಳಿಟ್ಟು ಓದಿದಳು. 'ಗುರುವಾರ. ಈ ದಿನ ಕಟ್ಟೆಗೆ ಮೊದಲು ಬಂದವರು, ಸುಣ್ಣ ಬಳಿಯಲು ಬಂದ ಸುಣ್ಣದಕೇರಿ ಕೆಂಚಮ್ಮ. ಚಕ್ರವರ್ತಿನಿ ಕೆಂಚಮ್ಮನವರ ಆಜ್ಞೆ. ನಾಳೆ ಮಧ್ಯಾಹ್ನ ಊರಿನ ಪ್ರತಿ ಮನೆಯಿಂದ ಒಬ್ಬರು ಸುಣ್ಣದಕೇರಿಗೆ ಬಂದು ನಮ್ಮಲ್ಲಿ ಊಟ ಮಾಡತಕ್ಕದ್ದು.'

"ನಮ್ಮ ಮುತ್ತಜ್ಜಿ," ಅಂದಳು ಚೌಡಿ. ಅಷ್ಟು ಜೋರು ಹುಡುಗಿ, ಅಷ್ಟು ಮೆಲ್ಲಗೆ ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು.

ವಾಸಣ್ಣ ಪುಟ ಮುಚ್ಚೋಕೆ ಕೈ ಹಾಕಿದ. "ಮೇಷ್ಟ್ರೇ, ಇದು ನಮ್ಮ ತಾತನ ಕೈಬರಹ. ಬರೆಯೋದು ಅವರ ಧರ್ಮ, ಬರೆದ್ರು. ಅಂಟಿಸೋದು... ಅದೂ ಅವರೇ ಇರಬೇಕು. ಉಣ್ಣೋಕೆ ಹೋಗಬೇಕಾಗ್ತದಲ್ಲ ಅಂತ. ಮುಚ್ಚಿಬಿಡೋಣ ಮೇಷ್ಟ್ರೇ. ಇಷ್ಟು ವರ್ಷ ಮುಚ್ಚಿದ್ದು." ಸುಳ್ಳು ಯಾಕೆ, ನನಗೂ ಅದೇ ಸರಿ ಅನ್ನಿಸ್ತು. ಕೆಂಚಮ್ಮ ಹೊರಗೆ ಬಂದ್ರೆ ರುದ್ರಯ್ಯ ಹೋಗಬೇಕು. ರುದ್ರಯ್ಯ ಹೋದ್ರೆ ಪ್ರತಿಮೆ, ಮರಿಯಪ್ಪನವರು, ನನ್ನ ಕೆಲಸ ಎಲ್ಲ ಅವನ ಹಿಂದೇನೇ ಹೋಗ್ತದೆ. "ಆತುರ ಬೇಡ ಚೌಡಿ, ಒಂದೇ ದಿನ ಇಬ್ಬರು ಚಕ್ರವರ್ತಿಗಳು ಇದ್ದಿರಬಹುದು. ಬೆಳಗ್ಗೆ ಇವರು, ಮಧ್ಯಾಹ್ನದ ಮೇಲೆ ಅವರು. ನಾನು ಸ್ವಲ್ಪ ಸಂಶೋಧನೆ ಮಾಡ್ತೀನಿ," ಅಂದೆ.

ಚೌಡಿ ಒದ್ದೆ ಬಟ್ಟೆ ಹಿಂಡಿ ಮಡಚಿದಳು. "ಸೋಮವಾರ ಪರೀಕ್ಷೆ ಸಾರ್. ಗುರುವಾರದ ಪ್ರಶ್ನೆ ಬಂದ್ರೆ ಯಾವುದು ಬರೀಲಿ? ನೀವು ಹೇಳಿದ್ದಾ, ಇಲ್ಲಿ ಇರೋದಾ?" ಅವಳೇ ಮುಂದುವರಿಸಿದಳು. "ಇದು ನಿಜ ಅಂದ್ರೆ ನಮ್ಮ ಕೇರಿಯಿಂದ ಒಬ್ಬರು ಕೂತಂಗಾಯ್ತು. ಅಂದ್ರೆ ನಮಗೂ ಸರತಿ ಉಂಟು. ನೀವೇ ಕಲಿಸಿದ್ದು ಸಾರ್ ಅದು, ಎರಡನೇ ಪಾಠ. ನಮ್ಮ ಸುಣ್ಣ ದಿನಾ ನಿಮ್ಮ ನಾಲಿಗೆ ಮೇಲಿರ್ತದೆ. ನಮ್ಮ ಮುತ್ತಜ್ಜಿ ಹೆಸರು ಒಂದು ಸಲ ಇರೋಕಾಗಲ್ವಾ?"

ಬಾಯಲ್ಲಿ ಎಲೆಅಡಿಕೆ ಇತ್ತು. ಉಗಿಯೋಕೂ ಆಗಲಿಲ್ಲ, ನುಂಗೋಕೂ ಆಗಲಿಲ್ಲ.

ಅಲ್ಲಿಂದ ಚೌಡಿ ಜೊತೆ ಸೀದಾ ಸುಣ್ಣದಕೇರಿಗೆ ಹೋದೆ. ಚೌಡಿಯ ಅಜ್ಜಿ ಬೋರಮ್ಮ, ಕೆಂಚಮ್ಮನ ಮಗಳು, ಗೂಡಿನ ಪಕ್ಕ ಚಪ್ಪರದಲ್ಲಿ ಕೂತು ಸುಣ್ಣದ ಕಲ್ಲು ಆರಿಸ್ತಿದ್ಲು. "ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ನೀರು ಕೊಡ್ಲಾ ಅಂತ ಕೇಳಲ್ಲ ಕಣಪ್ಪ. ಕೇಳಿ ಬೇಡ ಅನ್ನಿಸ್ಕೊಂಡು ಸಾಕಾಗಿದೆ," ಅಂದಳು. ಚೌಡಿ ಪುಟದ ವಿಷಯ ಹೇಳಿದಳು. ಮುದುಕಿ ಕಲ್ಲು ಆರಿಸೋದು ನಿಲ್ಲಿಸಲಿಲ್ಲ. "ನಂಗೆ ಆಗ ಆರು ವರ್ಷ. ಅವ್ವ ಕಟ್ಟೆಗೆ ಸುಣ್ಣ ಬಳಿಯೋಕೆ ಹೋದೋಳು ಚಕ್ರವರ್ತಿ ಆಗಿ ಬಂದ್ಲು. ಕೇರಿ ಕೇರಿಯೇ ಹಬ್ಬ ಮಾಡ್ತು. ಮಾರನೇ ದಿನ ಏಳು ಹಂಡೆ ಅನ್ನ ಬೇಯಿಸಿದ್ವಿ. ಮುತ್ತುಗದ ಎಲೆ ಹಾಸಿದ್ವಿ, ಇಲ್ಲಿಂದ ಅಲ್ಲೀತನಕ. ಯಾರೂ ಬರಲಿಲ್ಲ. ಎಲೆ ಒಣಗಿ ಸುರುಳಿ ಸುತ್ಕೊಂಡ್ವು. ದಫ್ತರಕ್ಕೆ ಹೋಗಿ ಕೇಳಿದ್ರೆ ಹಂಗೇನೂ ಬರೆದಿಲ್ಲ ಅಂದ್ರು. ಮೂರು ದಿನ ನಾವೇ ತಂಗಳು ತಿಂದ್ವಿ. ಅವ್ವ ಒಂದು ಮಾತೂ ಬಯ್ಯಲಿಲ್ಲ. 'ಆಜ್ಞೆ ಅಂದ್ಮೇಲೆ ಆಜ್ಞೆ, ಬರ್ತಾರೆ ಬಿಡಿ' ಅಂತಿದ್ಲು. ಸಾಯೋ ತನಕ ಅದೇ ಅಂತಿದ್ಲು."

"ನೀವು ಯಾರಿಗೂ ಹೇಳಲಿಲ್ವಾ ಅಜ್ಜಿ?" ಅಂತ ಕೇಳಿದೆ.

ಅವಳು ಮೊದಲನೇ ಸಲ ತಲೆ ಎತ್ತಿದಳು. "ನಿಂಗೇ ಹೇಳಿದ್ನಲ್ಲಪ್ಪ. ಇಪ್ಪತ್ತು ವರ್ಷದ ಮೇಲಾಯ್ತು. ಶಾಲೆ ಬಾಗಿಲಿಗೆ ಬಂದು, ಆ ಗುರುವಾರ ನಮ್ಮವ್ವ ಕೂತಿದ್ಲು ಮೇಷ್ಟ್ರೇ ಅಂದೆ. ಇಲ್ಲಮ್ಮ, ಅವತ್ತು ಯಾರೋ ಮೀಸೆಯೋರು ಇದ್ರು ಅಂತ ನೀನು ಹೇಳಿ ಕಳಿಸಿದೆ. ಓದಿದೋರು ಹೇಳ್ತಾರೆ ಅಂದ್ಮೇಲೆ ನಾನೇ ಕನಸು ಕಂಡಿದ್ದೆನೋ ಅಂತ ಸುಮ್ನಾದೆ."

ನನಗೆ ಅದು ನೆನಪೇ ಇರಲಿಲ್ಲ. ಸಾವಿರಾರು ಹೆಸರು ಬಾಯಿಪಾಠ ಇರೋ ನನಗೆ, ಬಾಗಿಲಲ್ಲಿ ನಿಂತಿದ್ದ ಒಬ್ಬಳು ಹೆಂಗಸು ನೆನಪಿರಲಿಲ್ಲ. "ಅಜ್ಜಿ, ಒಂದು ಲೋಟ ನೀರು ಕೊಡಿ," ಅಂದೆ. ಮುದುಕಿ ಚೌಡಿ ಕಡೆ ತಿರುಗಿ, "ಲೋಟ ಚೆನ್ನಾಗಿ ತೊಳೆದು ಕೊಡೇ. ಮೇಷ್ಟ್ರು ಹೆದರ್ಕೊಂಡಿದ್ದಾರೆ," ಅಂದಳು. ಕುಡಿದೆ. ನೀರಿನ ಹಂಗೇ ಇತ್ತು.

ಮಾರನೇ ದಿನ ಬೆಳಗ್ಗೆ ಕಟ್ಟೆಗೆ ಹೋದೆ. ಹೊಸ ಚಕ್ರವರ್ತಿ ಕೂರೋದು ಅಲ್ಲೇ, ಊರಿನವರು ಕಾಫಿ ಕುಡ್ಕೊಂಡು ನೋಡೋಕೆ ಬರ್ತಾರೆ. ಅವತ್ತು ಬಳೆ ಮಾರೋ ಸಾಬಿರಾ ಬೀ ಸರತಿ. ಆರು ತಿಂಗಳಿಂದ ಅವಳು ಒಂದು ಆಜ್ಞೆ ಯೋಚಿಸಿ ಇಟ್ಕೊಂಡಿದ್ಲು, ಬಳೆ ತೊಡಿಸೋವಾಗ ಯಾರೂ ಕೈ ಎಳ್ಕೊಳ್ಳಬಾರದು ಅಂತ. ಅವಳು ಬಾಯಿ ತೆರೆಯೋಕೆ ಮುಂಚೆ ನಾನು ಕೈ ಎತ್ತಿದೆ. ಚೌಡಿ ಪುಸ್ತಕ ಹೊತ್ಕೊಂಡು ಪಕ್ಕದಲ್ಲಿದ್ಲು. ವಾಸಣ್ಣ ಬೇಡ ಬೇಡ ಅಂದ್ಕೊಂಡೇ ಪುಸ್ತಕದ ಇನ್ನೊಂದು ತುದಿ ಹಿಡಿದಿದ್ದ.

"ಮಹಾಜನಗಳೇ, ಒಂದು ಸಣ್ಣ ತಿದ್ದುಪಡಿ ಇದೆ," ಅಂತ ಶುರು ಮಾಡಿದೆ. "ದೊಡ್ಡಮೀಸೆ ರುದ್ರಯ್ಯ ಅನ್ನೋ ಚಕ್ರವರ್ತಿ ಹುಟ್ಟಿದ್ದು ಇಪ್ಪತ್ತೆರಡು ವರ್ಷದ ಹಿಂದೆ, ನಮ್ಮ ಶಾಲೆಯ ಏಳನೇ ಕ್ಲಾಸ್ ರೂಮಿನಲ್ಲಿ, ಬೆಳಗ್ಗೆ ಹನ್ನೊಂದೂಕಾಲಿಗೆ. ಹೆತ್ತವನು ನಾನೇ. ಮೀಸೆ ಇನ್‌ಸ್ಪೆಕ್ಟರದು. ಎಮ್ಮೆ ಕಿಟಕಿ ಆಚೆ ನಿಂತಿತ್ತು." ಪೋಸ್ಟ್‌ಮಾಸ್ಟರಿಗೆ ಈಗ ರಿಟೈರಾಗಿದೆ, ಅವರು ಮುಂದಿನ ಸಾಲಿನಿಂದ ಕೇಳಿದ್ರು, "ಹಂಗಾದ್ರೆ ನಾನು ಇಷ್ಟು ವರ್ಷ ಎಮ್ಮೆಗೆ ಕೈ ಮುಗಿದಿದ್ದು?"

"ಅದು ನಿಮ್ಮ ಸಂಸ್ಕಾರ ಸಾರ್, ಆಜ್ಞೆ ಅಲ್ಲ," ಅಂದೆ.

ಮರಿಯಪ್ಪನವರು ಎದ್ದು ನಿಂತ್ರು. "ಏನ್ರೀ ಹಾಲಪ್ಪ! ನಮ್ಮ ತಾತ ಚಕ್ರವರ್ತಿ ಆಗಿದ್ದು ಸುಳ್ಳಾ?"

"ಇಲ್ಲ ಸಾರ್, ನಿಮ್ಮ ತಾತ ಮುದ್ದಯ್ಯನವರು ನಿಜವಾಗ್ಲೂ ಕೂತಿದ್ರು, ಆ ಗುರುವಾರಕ್ಕೆ ಆರು ವರ್ಷ ಮುಂಚೆ. ಪುಸ್ತಕದಲ್ಲಿದೆ. ಎರಡನೇ ಸಲ ಮುದ್ದೆ ಕೇಳಿದ್ರೆ ಹೆಂಡತಿ ಬಯ್ಯಕೂಡದು ಅಂತ ಅವರ ಆಜ್ಞೆ." ಹೆಂಗಸರ ಕಡೆಯಿಂದ ನಗು ಬಂತು. ಮರಿಯಪ್ಪನವರು ಆ ಆಜ್ಞೆ ಮರೆಸೋಕೇ ಮೀಸೆ ಹುಡುಕಿದ್ದು ಅನ್ನೋದು ಅವರ ಮುಖ ನೋಡಿದ್ರೇ ಗೊತ್ತಾಗ್ತಿತ್ತು. "ನಾಳೆಯಿಂದ ನೀವು ಶಾಲೆಗೆ ಬರೋದು ಬೇಡ!" ಅಂದ್ರು. ಆಗಲಿ ಸಾರ್ ಅಂದೆ. ಆಮೇಲೆ ಚೌಡಿಗೆ, "ಓದಮ್ಮ," ಅಂದೆ.

ಅವಳು ಓದಿದಳು. ಒಂದೊಂದು ಅಕ್ಷರವೂ ಕಟ್ಟೆಯ ಆ ತುದಿಗೆ ಕೇಳೋ ಹಂಗೆ. ಮುಗಿದಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಒಬ್ಬರು, "ನಾಳೆ ಅಂತ ಬರೆದಿದೆ. ಆ ನಾಳೆ ಅರವತ್ತು ವರ್ಷದ ಹಿಂದೆನೇ ಮುಗಿದು ಹೋಯ್ತಲ್ಲ," ಅಂದ್ರು. ಇನ್ನೊಬ್ಬರು, "ಹೌದಪ್ಪ, ಅವಧಿ ಮೀರಿದೆ," ಅಂದ್ರು. ಅವಧಿ ಅನ್ನೋ ಪದ ನಮ್ಮೂರಲ್ಲಿ ಅವತ್ತೇ ಮೊದಲು ಕೇಳಿದ್ದು. ಚೌಡಿ ನನ್ನ ಕಡೆ ನೋಡಿದಳು. "ನನಗೆ ಗೊತ್ತಿಲ್ಲ," ಅಂದೆ. ಐವತ್ತೆರಡು ವರ್ಷಕ್ಕೆ ಮೊದಲ ಸಲ ಹೇಳಿದೆ. ಹೇಳಿದ್ರೆ ಪ್ರಾಣ ಹೋಗಲ್ಲ, ನೀವೂ ಒಂದು ಸಲ ಹೇಳಿ ನೋಡಿ.

ಕಟ್ಟೆ ಮೇಲೆ ಕೂತಿದ್ದ ಸಾಬಿರಾ ಬೀ ಬಳೆ ಗಲಗಲ ಅನ್ನಿಸಿದಳು. "ಇವತ್ತಿನ ಚಕ್ರವರ್ತಿ ನಾನಾ, ನೀವಾ?" ಎಲ್ಲರೂ ಅವಳ ಕಡೆ ತಿರುಗಿದ್ರು. "ನಾನು ಊರ ಹೆಂಗಸರಿಗೆಲ್ಲ ಕೈ ಹಿಡಿದು ಬಳೆ ತೊಡಿಸ್ತೀನಿ. ಸುಣ್ಣದಕೇರಿ ಕೈಗೂ ತೊಡಿಸ್ತೀನಿ, ರೈಸ್‌ಮಿಲ್ ಮನೆ ಕೈಗೂ ತೊಡಿಸ್ತೀನಿ. ಎಲ್ಲ ಕೈನೂ ನೋವಾದಾಗ ಒಂದೇ ಥರ ಎಳ್ಕೊಳ್ತವೆ. ಬರ್ಕೋ ವಾಸಣ್ಣ. ನನ್ನ ಆಜ್ಞೆ. ಕೆಂಚಮ್ಮನೋರು ಹೇಳಿದ ನಾಳೆ ಅಂದ್ರೆ, ಈ ನಾಳೆ."

"ಸಾಬಿರಾ, ನಿನ್ನ ಬಳೆ ಆಜ್ಞೆ ಹೋಯ್ತಲ್ಲೇ," ಅಂತ ಯಾರೋ ಅಂದ್ರು. "ಹೋಗಲಿ ಬಿಡಿ, ಕೈ ಎಳ್ಕೊಂಡೋರಿಗೆ ಬಯ್ಯೋಕೆ ಬಾಯಿ ಇದೆಯಲ್ಲ," ಅಂದಳು.

ಮಾರನೇ ದಿನ ಬೆಳಗಿನಿಂದ ಸುಣ್ಣದಕೇರಿಯಲ್ಲಿ ಹೊಗೆ. ಗೂಡಿನ ಹೊಗೆಯಲ್ಲ, ಒಲೆ ಹೊಗೆ. ನನಗೆ ಶಾಲೆ ಇರಲಿಲ್ಲವಲ್ಲ, ಬೇಗನೇ ಹೋದೆ. ಚೌಡಿ ನನ್ನ ಕೈಗೆ ಕುಂಬಳಕಾಯಿ ಕೊಟ್ಟು ಹೆಚ್ಚೋಕೆ ಕೂರಿಸಿದಳು. "ಸಣ್ಣಗೆ ಹೆಚ್ಚಿ ಸಾರ್, ಇದೇನು ಎಮ್ಮೆಗಾ?" ಅಂದಳು. ಏಳು ಹಂಡೆ ಬೇಯಿಸೋದಾ ಅಂತ ಕೇರಿಯಲ್ಲಿ ದೊಡ್ಡ ಚರ್ಚೆ ಆಯ್ತು. ಬೋರಮ್ಮಜ್ಜಿ ಬೇಡವೇ ಬೇಡ ಅಂದಳು. "ಎರಡು ಸಾಕು. ಅದನ್ನೂ ನಾವೇ ತಿನ್ನಬೇಕಾಗ್ತದೆ. ನಂಗೆ ಈ ವಯಸ್ಸಲ್ಲಿ ಮೂರು ದಿನದ ತಂಗಳು ಅರಗಲ್ಲ." ಚೌಡಿ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಎರಡೇ ಹಂಡೆ ಇಟ್ರು.

ಮಧ್ಯಾಹ್ನ ಆಯ್ತು. ಎಲೆ ಹಾಸಿದ್ವಿ. ರಸ್ತೆ ಖಾಲಿ. ಅಜ್ಜಿ ಚಪ್ಪರದ ಕಂಬಕ್ಕೆ ಒರಗಿ ಕೂತಿದ್ದಳು, ರಸ್ತೆ ಕಡೆ ನೋಡದೆ. ನಾನು ಹೋಗಿ ಮೊದಲನೇ ಎಲೆಗೆ ಕೂತೆ. ಚೌಡಿ ಬಡಿಸಿದಳು. ಅನ್ನ, ಕುಂಬಳಕಾಯಿ ಹುಳಿ. ಒಬ್ಬನೇ ಅಷ್ಟುದ್ದ ಪಂಕ್ತಿಯಲ್ಲಿ ಕೂತು ಉಣ್ಣೋದು ಹೆಂಗಿರ್ತದೆ ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ತುತ್ತು ಇಳಿಯೋ ಸದ್ದು ಎಲ್ಲರಿಗೂ ಕೇಳ್ತದೆ. ಅಷ್ಟರಲ್ಲಿ ಬಳೆ ಸದ್ದು ಬಂತು. ಸಾಬಿರಾ ಬೀ ಬಂದು ನನ್ನ ಪಕ್ಕ ಕೂತಳು. "ನಿನ್ನೆಯ ಚಕ್ರವರ್ತಿ. ಇವತ್ತು ಬರೀ ಹಸಿವು," ಅಂದಳು. ಆಮೇಲೆ ವಾಸಣ್ಣ ಬಂದ. ಕೂರೋಕೆ ಮುಂಚೆ ಅಜ್ಜಿ ಹತ್ರ ಹೋಗಿ ತಾತನ ತಪ್ಪಿಗೆ ಕ್ಷಮೆ ಕೇಳೋಕೆ ಶುರು ಮಾಡಿದ. "ಹೋಗಿ ಕೂತ್ಕೋ ಮಗಾ, ಹುಳಿ ಆರ್ತದೆ," ಅಂದಳು ಅಜ್ಜಿ.

ಆಮೇಲೆ ನನ್ನ ಏಳನೇ ಕ್ಲಾಸು ಬಂತು. ಅಪ್ಪ ಅಮ್ಮ ಹೋಗೋದೋ ಬೇಡವೋ ಅಂತ ಜಗುಲಿಯಲ್ಲಿ ಕೂತು ಮಾತಾಡ್ತಿರೋವಾಗ, ಪ್ರತಿ ಮನೆಯಿಂದ ಒಬ್ಬರು ಅಂತ ತಾನೇ ಇರೋದು, ನಾವು ಒಬ್ಬರಲ್ವಾ ಅಂತ ಹೊರಟು ಬಂದುಬಿಟ್ಟಿದ್ರು. ಚರಿತ್ರೆ ಚೆನ್ನಾಗಿ ಕಲಿತ ಮಕ್ಕಳು. ಮಕ್ಕಳನ್ನ ಕರ್ಕೊಂಡು ಹೋಗೋಕೆ ಅಂತ ದೊಡ್ಡೋರು ಬಂದ್ರು. ಬಂದೋರು ನಿಂತ್ರು, ನಿಂತೋರಿಗೆ ಹುಳಿ ವಾಸನೆ ಬಂತು, ಕೂತ್ರು. ಪೋಸ್ಟ್‌ಮಾಸ್ಟರು ಮೊಮ್ಮಗನ ಎಲೆಯಲ್ಲೇ ಕೈ ಹಾಕಿ ರುಚಿ ನೋಡಿ, ಆಮೇಲೆ ಬೇರೆ ಎಲೆ ಕೇಳಿದ್ರು. ಎಲ್ಲರೂ ಬರಲಿಲ್ಲ, ಅದನ್ನೂ ಹೇಳಿಬಿಡ್ತೀನಿ. ಎಷ್ಟೋ ಬಾಗಿಲು ಅವತ್ತು ಮುಚ್ಚೇ ಇದ್ವು. ಮರಿಯಪ್ಪನವರು ಕೇರಿ ಬಾಯಿ ತನಕ ಬಂದು, ಅಲ್ಲೇ ಹುಣಸೆ ಮರದ ಕೆಳಗೆ ನಿಂತ್ಕೊಂಡ್ರು. ಅವರ ಹೆಂಡತಿ ಅವರನ್ನ ದಾಟ್ಕೊಂಡು ಬಂದ್ರು. "ಮನೆಗೊಬ್ಬರು ಅಂತ ಇದೆ. ನೀವು ನೆರಳಲ್ಲೇ ನಿಂತಿರಿ, ನಾನು ಉಂಡು ಬರ್ತೀನಿ," ಅಂದ್ರಂತೆ. ಉಂಡ್ರು. ಎರಡನೇ ಸಲವೂ ಹಾಕಿಸ್ಕೊಂಡ್ರು.

ಅಷ್ಟು ಹೊತ್ತಿಗೆ ಚೌಡಿ ಸೌಟು ಹಿಡಿದು ಓಡಿ ಬಂದಳು. ಮುಖವೆಲ್ಲ ಬೆವರು. "ಅಜ್ಜಿ, ಅನ್ನ ಮುಗೀತು! ಇನ್ನೂ ಜನ ಬರ್ತಾ ಇದ್ದಾರೆ, ಅಲ್ಲಿ ನೋಡು!" ಅಜ್ಜಿ ಆಗ ರಸ್ತೆ ಕಡೆ ತಿರುಗಿ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಎದ್ದು, ಮೂರನೇ ಹಂಡೆ ಒಲೆ ಮೇಲೆ ಎತ್ತಿಡಿ ಅಂತ ನಮ್ಮೆಲ್ಲರ ಮೇಲೆ ಕೂಗಾಡೋಕೆ ಶುರು ಮಾಡಿದಳು. "ಏನು ಜನಾನೋ ಏನೋ! ಬರೋದು ಬರ್ತಾರೆ, ಮುಂಚೆ ಒಂದು ಮಾತು ಹೇಳಿ ಕಳಿಸಿದ್ರೆ ಇನ್ನೆರಡು ಸೇರು ಅಕ್ಕಿ ಹಾಕ್ತಿರಲಿಲ್ವಾ?"